ಒರೆಸಿಕೊಳ್ಳಲಾಗದ ಬೊಟ್ಟು

ಬಹಳ ಹಿಂದೆ, ಏಳು ಕೆರೆಗಳ ಆಚೆ ವರ್ಣಾವತಿ ಎಂಬ ರಾಜ್ಯವಿತ್ತು. ಅಲ್ಲಿ ಚಿತ್ರಗಳು ಹೆಚ್ಚುತ್ತಿದ್ದವು, ಜನ ಕಡಿಮೆಯಾಗುತ್ತಿದ್ದರು. ಅರಮನೆಯನ್ನು ಕಿತ್ತುಕೊಂಡು ಕೂತಿದ್ದ ಮಾಯಗಾರ ವರ್ಣಕೇತು ಯಾರ ಚಿತ್ರ ಬರೆಸಿದರೂ ಅವರು ಅದರೊಳಗೆ ಸೇರಿಹೋಗುತ್ತಿದ್ದರು. ಪಾಪ, ರಾಜನೂ ಕಿರೀಟ ಸಮೇತ ಗೋಡೆಯ ಮೇಲೆ ತೂಗುತ್ತಿದ್ದ.

ಆ ಊರಿನ ಚಿತ್ರಗಾರರ ಮನೆಯಲ್ಲಿ ಪದುಮಲೆಯೂ ಅವಳ ತಮ್ಮ ಬೊಮ್ಮಣ್ಣನೂ ಇದ್ದರು. ಹೆತ್ತವರಿಲ್ಲದ ಮನೆ, ತಮ್ಮನನ್ನು ಸಾಕಿದವಳು ಅಕ್ಕನೇ. ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಚಿತ್ರ ಎಷ್ಟೇ ಚೆನ್ನಾಗಿ ಬಂದರೂ ಕೊನೆಗೆ ಕೆನ್ನೆಯ ಮೇಲೊಂದು ಕಾಡಿಗೆ ಬೊಟ್ಟು ಇಡಬೇಕು. ಇಟ್ಟರೆ ದೃಷ್ಟಿ ತಾಕದು, ಹೊರಗಿನದು ಒಳಗೆ ಹೋಗದು, ಒಳಗಿನದು ಹೊರಗೆ ಬಾರದು. ಪದುಮಲೆ ತಮ್ಮನ ಕೆನ್ನೆಗೂ ದಿನಾ ಬೊಟ್ಟಿಡುತ್ತಿದ್ದಳು. ಅವನಿಗೆ ಮೀಸೆ ಬಂದ ಮೇಲೂ ಬಿಡಲಿಲ್ಲ. ಅವನು "ಥೂ, ನಾನೇನು ತೊಟ್ಟಿಲ ಮಗುನಾ ಅಕ್ಕಾ?" ಎಂದು ಮುಂಗೈಯಿಂದ ಒರೆಸಿಕೊಳ್ಳುತ್ತಿದ್ದ.

ಒಂದು ದಿನ ವರ್ಣಕೇತು ಅವನನ್ನು ಕರೆಸಿದ. "ನಿನ್ನದೇ ಚಿತ್ರ ಬರಿ. ಬೊಟ್ಟು ಗಿಟ್ಟು ಇಟ್ಟು ಕೆಡಿಸಬೇಡ. ಒಂದು ಕಲೆಯೂ ಇಲ್ಲದ ಚಿತ್ರ ನಿನ್ನ ಕೈಯಲ್ಲಾಗುತ್ತಾ ನೋಡೋಣ" ಎಂದ. ಬೊಮ್ಮಣ್ಣನಿಗೆ ಜಂಬ ತಲೆಗೇರಿತು. ಬರೆದ, ಬೊಟ್ಟಿಡಲಿಲ್ಲ. ಆ ಸಂಜೆ ಮನೆಗೆ ಬರಲಿಲ್ಲ.

ಪದುಮಲೆ ಕಾಡಿಗೆ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅರಮನೆಗೆ ಹೋದಳು. ಒಳಗೆ ಗಾಳಿಯೇ ಇರಲಿಲ್ಲ. ಗೋಡೆ ತುಂಬ ಮುಖಗಳು. ಅವಳು ದಾಟಿಹೋದಂತೆ ಹಿಂದೆ ಯಾರೋ ಉಸಿರು ಬಿಡುತ್ತಿದ್ದರು. ವರ್ಣಕೇತುವಿನ ಮುಖದಲ್ಲಿ ಒಂದು ಮಚ್ಚೆಯಿಲ್ಲ, ಒಂದು ಸುಕ್ಕಿಲ್ಲ. ಜೀವವಿಲ್ಲದ ಚೆಲುವು ಅದು.

"ನನ್ನ ತಮ್ಮನ್ನ ಕೊಡು" ಎಂದಳು.

"ಕೊಡ್ತೀನಿ ತಾಯಿ. ಮೂರು ಜೋಡಿ ಚಿತ್ರ ತೋರಿಸ್ತೀನಿ. ಒಂದರಲ್ಲಿ ಜೀವ ಇದೆ, ಇನ್ನೊಂದು ನಾನು ಬರೆದ ನಕಲು, ಬರಿದು. ಎರಡನ್ನೂ ಹೋಲಿಸಿ ನೋಡಿ, ಜೀವ ಎಲ್ಲಿದೆ ಹೇಳು. ತಪ್ಪಿದರೆ ಬರಿದಾದ ಚಿತ್ರ ನಿನ್ನನ್ನ ನುಂಗುತ್ತೆ. ಮೂರೂ ಸರಿ ಹೇಳಿದರೆ ಎಲ್ಲರಿಗೂ ಬಿಡುಗಡೆ. ಆಮೇಲೆ ನನ್ನನ್ನೇ ನುಂಗಲಿ!" ಎಂದು ಅವನು ನಕ್ಕ.

ಮೊದಲು ಎರಡು ಬಿಳಿ ಕುದುರೆಗಳು. ಅದೇ ಜೂಲು, ಅದೇ ಗೊರಸು. ಆದರೆ ಒಂದರ ಕಡಿವಾಣದ ಕೆಳಗೆ ಬಣ್ಣ ಒದ್ದೆಯಾಗಿತ್ತು. "ಇದೇ. ಹೆದರಿ ಬೆವರ್ತಾ ಇದೆ" ಎಂದಳು.

ಆಮೇಲೆ ನೀರು ಹೊತ್ತ ಇಬ್ಬರು ಹೆಂಗಸರು. ತುಂಬಿದ ಕೊಡವನ್ನು ಎಡ ಸೊಂಟದ ಮೇಲಿಟ್ಟು ಎರಡೂ ಕೈಯಿಂದ ಹಿಡಿದಿದ್ದರು. ಪದುಮಲೆ ಬಿಸಿಲು ಇಳಿಯುವ ತನಕ ನೋಡುತ್ತ ಕೂತಳು. ಯಾವಾಗಲೋ ಒಬ್ಬಳ ಕೊಡ ಬಲ ಸೊಂಟಕ್ಕೆ ಬಂದಿತ್ತು. "ಇವಳೇ. ಪಾಪ, ಸೋತುಹೋಗಿದ್ದಾಳೆ" ಎಂದಳು. ವರ್ಣಕೇತು ನಗುವುದನ್ನು ನಿಲ್ಲಿಸಿದ.

ಕೊನೆಗೆ ಇಬ್ಬರು ಬೊಮ್ಮಣ್ಣಂದಿರು. ಅದೇ ಹುಬ್ಬು, ಅದೇ ಚಿಗುರು ಮೀಸೆ, ಅದೇ ಜಂಬದ ನಗು. ಬೆವರಿಲ್ಲ, ಅಲುಗಾಟವಿಲ್ಲ. ತಾನೇ ಎತ್ತಿ ಆಡಿಸಿದ ಮುಖ ತನಗೇ ಗೊತ್ತಾಗುತ್ತಿಲ್ಲವಲ್ಲ ಎಂದು ಅವಳ ಎದೆ ಒಡೆಯಿತು. ಬರಿದಾದ ಚಿತ್ರಗಳು ಆಗಲೇ ಅವಳ ಸೆರಗನ್ನು ಎಳೆಯತೊಡಗಿದ್ದವು.

ಪದುಮಲೆ ಡಬ್ಬಿ ತೆರೆದಳು. ಒಬ್ಬನ ಕೆನ್ನೆಗೆ ಬೊಟ್ಟಿಟ್ಟಳು. ಇನ್ನೊಬ್ಬನಿಗೂ ಇಟ್ಟಳು. ಕಾದಳು.

ಮೊದಲನೆಯವನು ನಗುತ್ತಲೇ ಇದ್ದ. ಎರಡನೆಯವನ ಬಣ್ಣದ ಕೈ ಮೆಲ್ಲಗೆ, ಬಹಳ ಮೆಲ್ಲಗೆ ಮೇಲೆದ್ದಿತು. ಮುಂಗೈ ಕೆನ್ನೆಯ ಮೇಲೆ ಹಾಯ್ದು ಕಾಡಿಗೆ ಕಿವಿಯವರೆಗೂ ಮೆತ್ತಿಕೊಂಡಿತು. ಗೋಡೆಯೊಳಗಿಂದ ಸಣ್ಣಗೆ "ಥೂ" ಎಂದು ಕೇಳಿಸಿತು.

"ಇವನೇ! ಇವನೇ ನನ್ನ ತಮ್ಮ!" ಎಂದು ಅವಳು ಅತ್ತಳು, ನಕ್ಕಳು.

ಬೊಮ್ಮಣ್ಣ ಹೊರಗೆ ಬಿದ್ದ. ಕುದುರೆ ಬಂತು, ನೀರಿನ ಹೆಂಗಸು ಬಂದಳು, ರಾಜ ಕಿರೀಟ ಸರಿಮಾಡಿಕೊಳ್ಳುತ್ತ ಇಳಿದ. ನೀರಿನವಳ ನಕಲು ಚಿತ್ರ ಬಾಯ್ತೆರೆದು ವರ್ಣಕೇತುವನ್ನು ಎಳೆದುಕೊಂಡಿತು. ಅವನು ಮತ್ತೆ ಹೊರಬರುವ ಮೊದಲೇ ಪದುಮಲೆ ಆ ನುಣುಪು ಕೆನ್ನೆಗೆ ದಪ್ಪನೆಯ ಬೊಟ್ಟಿಟ್ಟಳು.

ಅಂದಿನಿಂದ ವರ್ಣಾವತಿಯಲ್ಲಿ ಮನೆಮನೆಯಲ್ಲೂ ನಗು. ಬೊಮ್ಮಣ್ಣ ದಿನಾ ಬೆಳಿಗ್ಗೆ ತಾನೇ ಬಗ್ಗಿ, "ಅಕ್ಕಾ, ಬೊಟ್ಟಿಡು" ಎನ್ನುತ್ತಾನೆ, ಒರೆಸಿಕೊಳ್ಳುವುದಿಲ್ಲ. ಅರಮನೆಯ ಗೋಡೆಯ ಮೇಲೆ ಮಾತ್ರ ವರ್ಣಕೇತು ಕೊಡ ಹೊತ್ತು ನಿಂತ ಆ ಚಿತ್ರ ಇನ್ನೂ ಇದೆ. ಬೆಳಿಗ್ಗೆ ಕೊಡ ಎಡ ಸೊಂಟದಲ್ಲಿರುತ್ತದೆ, ಸಂಜೆಗೆ ಬಲಕ್ಕೆ ಬಂದಿರುತ್ತದೆ. ಬೊಟ್ಟು ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿಲ್ಲ.