ಡಬ್ಬಿಯಲ್ಲಿ ಬೆಲ್ಲ ಇರಲಿಲ್ಲ

“ಅಲ್ಲೇ ನಿಂದ್ರು! ಕೈಯಾಗ ಏನದು?”

ಸಂಘಮಿತ್ರಾ ನಿಂತಳು. ಕಾಲುವೆಯ ಕಿರುಸೇತುವೆಯ ನಡುವೆ ಎದೆಯೆತ್ತರದ ಜಾಲಿಮುಳ್ಳಿನ ರಾಶಿ. ರಾಶಿಯ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ವೀರೇಶ್ ಮಾಮ. ಈಚೆ ಅವಳು, ಅವಳ ಕೈಯಲ್ಲೊಂದು ಅಗಲವಾದ ಸ್ಟೀಲ್ ಡಬ್ಬಿ.

“ನಿಮ್ಮ ಮನಿ ಡಬ್ಬಿ ರೀ ಮಾಮ. ವಾಪಸ್ ಕೊಡಾಕ ಬಂದೀನಿ.”

ಅವಳು ಮುಚ್ಚಳವನ್ನು ಅವನತ್ತ ತಿರುಗಿಸಿದಳು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು: ಮುದುಕಮ್ಮ. ಆಕೆ ವೀರೇಶನ ತಾಯಿ.

ಕಾಲುವೆಯ ಆ ದಂಡೆಗೆ ಮಠದ ಓಣಿ, ಈ ದಂಡೆಗೆ ಭೀಮನಗರ. ಏಪ್ರಿಲ್‌ನಲ್ಲಿ ಭೀಮನಗರದ ಜಯಂತಿ ಮೆರವಣಿಗೆ ಸೇತುವೆಗೆ ಬಂದಾಗ, “ನಮ್ಮ ಓಣಿಯಾಗ ಬರಬ್ಯಾಡ್ರಿ” ಎಂದರು ಆ ಕಡೆಯವರು. “ರಸ್ತೆ ಎಲ್ಲಾರದು” ಎಂದರು ಈ ಕಡೆಯವರು. ಮಾತು ಬೆಳೆಯಿತು. ಕಲ್ಲು ಹಾರಿತು. ಪೊಲೀಸ್ ಜೀಪು ಬಂತು. ಮರುದಿನ ಮಠದ ಓಣಿಯವರು ಸೇತುವೆಗೆ ಮುಳ್ಳು ಹಾಕಿದರು. ಅದನ್ನು ಕಂಡು ಸಿಟ್ಟಾದ ಭೀಮನಗರದವರು ಅದರ ಮೇಲೆ ಇನ್ನಷ್ಟು ಮುಳ್ಳು ಹಾಕಿದರು.

ಅಂದಿನಿಂದ ಸಂಘಮಿತ್ರಾ ಲಾರಿಗಳು ಓಡಾಡುವ ಮೇನ್ ರೋಡ್ ಸುತ್ತಿ ಶಾಲೆಗೆ ಹೋಗಬೇಕು. ಅದಾದರೂ ಸರಿ. ಆದರೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಶಾಂಭವಿ, ಅಂದರೆ ವೀರೇಶ್ ಮಾಮನ ಮಗಳು, ಕಿಟಕಿ ಪಕ್ಕದ ಬೆಂಚಿಗೆ ಹೋಗಿಬಿಟ್ಟಿದ್ದಳು. “ಮನ್ಯಾಗ ಬೈತಾರ” ಎಂದಷ್ಟೇ ಹೇಳಿದ್ದಳು.

ಇಂದು ರೊಟ್ಟಿ ಹಬ್ಬ. ಪಂಚಮಿಯ ಮುನ್ನಾದಿನ ಮನೆ ಮನೆಯಲ್ಲೂ ತೆಳ್ಳಗೆ ರೊಟ್ಟಿ ಬಡಿದು, ಗರಿಗರಿಯಾಗಿ ಕಾಯಿಸಿ, ನೆರೆಯವರಿಗೆ ಹಂಚುವ ದಿನ. ಬೆಳಿಗ್ಗೆಯೇ ತಿಪ್ಪಕ್ಕಜ್ಜಿ ಮೊಮ್ಮಗಳನ್ನು ಕರೆದಿದ್ದಳು.

“ಮಿತ್ರಾ, ಯುಗಾದಿಗೆ ಮುದುಕಮ್ಮ ಹೋಳಿಗಿ ಕಳಿಸಿದ ಡಬ್ಬಿ ಇಲ್ಲೇ ಕುಂತೈತಿ. ಜಗಳ ಆತಂತ ಡಬ್ಬಿ ಇಟ್ಕೊಂಡ್ರು ಅಂದಾರು. ಕೊಟ್ಟು ಬಾ. ಖಾಲಿ ಡಬ್ಬಿ ಒಯ್ಯಬಾರದು, ಒಂದು ಹೆಂಟಿ ಬೆಲ್ಲ ಹಾಕು.”

ಡಬ್ಬಿ ಕೊಟ್ಟರೆ ಮಾತು ಶುರುವಾದೀತು. ಮಾತು ಶುರುವಾದರೆ ಶಾಂಭವಿ ತನ್ನ ಬೆಂಚಿಗೆ ಮರಳಿಯಾಳು. ಹೀಗೆಂದುಕೊಂಡೇ ಸಂಘಮಿತ್ರಾ ಬಂದಿದ್ದಳು.

“ಬೆಲ್ಲ ಏನು?” ವೀರೇಶ್ ಎದ್ದು ಮುಳ್ಳಿನ ಮೇಲಿಂದ ಕೈ ಚಾಚಿದ. “ಕೊಡು, ಒಳಗ ಮುಟ್ಟಸ್ತೀನಿ.”

“ಬೆಲ್ಲ ಅಲ್ರಿ. ರೊಟ್ಟಿ.”

ಚಾಚಿದ ಕೈ ಗಾಳಿಯಲ್ಲೇ ನಿಂತಿತು.

“ಏನಂದಿ?”

“ಸಜ್ಜಿ ರೊಟ್ಟಿ ರೀ. ಎಳ್ಳು ಹಚ್ಚೀವಿ. ಶೇಂಗಾ ಚಟ್ನಿನೂ ಐತಿ.”

ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು. ಅವನ ಹಿಂದಿನ ಕಟ್ಟೆಯ ಮೇಲೆ ಕುಳಿತಿದ್ದ ಇಬ್ಬರು ಮುಖ ಮುಖ ನೋಡಿಕೊಂಡರು.

“ನಿನಗ್ಯಾರೂ ಹೇಳಿಲ್ಲೇನವ್ವಾ?” ವೀರೇಶನ ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಮನಿಯಿಂದ ಬೆಲ್ಲ ಬರತೈತಿ, ಅಕ್ಕಿ ಬರತೈತಿ. ಬೇಯಿಸಿದ್ದು ಬರಂಗಿಲ್ಲ. ಮೊದಲಿಂದ ಹಂಗ ಐತಿ. ಒಯ್ದುಬಿಡು.”

ಸಂಘಮಿತ್ರಾ ಡಬ್ಬಿಯನ್ನು ಕೆಳಗಿಳಿಸಲಿಲ್ಲ. “ನಿಮ್ಮ ಹೋಳಿಗಿ ನಾವು ತಿಂದೀವಲ್ರಿ?”

ಎದುರು ಮನೆಯ ಕಿಟಕಿಯಲ್ಲಿ ಶಾಂಭವಿಯ ಮುಖ ಕಂಡಿತು. ಮರುಕ್ಷಣ ಮಾಯವಾಯಿತು.

ಆಗ ಅದೇ ಮನೆಯ ಬಾಗಿಲು ತೆರೆಯಿತು. ಕೋಲೂರಿಕೊಂಡು ಮುದುಕಮ್ಮ ಸೇತುವೆಗೆ ಬಂದಳು.

“ಏನಲೇ ವೀರೇಶ, ಕೂಸಿನ ಕೂಡ ಏನು ಪಂಚಾಯ್ತಿ?”

“ಅವ್ವಾ, ತಿಪ್ಪಕ್ಕನ ಮನಿಯಿಂದ ರೊಟ್ಟಿ ತಂದಾಳ.”

ಮುದುಕಮ್ಮ ಹುಡುಗಿಯತ್ತ ತಿರುಗಿದಳು. “ರೊಟ್ಟಿ ಒಯ್ಯಿ ಅಂತ ತಿಪ್ಪಕ್ಕ ಅಂದಳೇನು?”

“ಇಲ್ರಿ ಅಜ್ಜಿ. ಬೆಲ್ಲ ಹಾಕು ಅಂದಿದ್ದಳು. ನಾನೇ ರೊಟ್ಟಿ ಹಾಕ್ಕೊಂಡ್ ಬಂದೆ.”

“ಯಾಕ?”

“ಬೆಲ್ಲ ನಿಮ್ಮ ಮನ್ಯಾಗೂ ಇರತೈತಿ. ನಮ್ಮಜ್ಜಿ ಬಡದ ರೊಟ್ಟಿ ಇರಂಗಿಲ್ಲಲ್ರಿ?”

ಕಟ್ಟೆಯ ಮೇಲಿದ್ದವನೊಬ್ಬ ಕಿಸಕ್ಕೆಂದು ನಕ್ಕ. ಮುದುಕಮ್ಮ ನಗಲಿಲ್ಲ. ಮುಳ್ಳಿನ ಮೇಲಿಂದ ಎರಡೂ ಕೈ ಚಾಚಿದಳು. ಸೆರಗು ಮುಳ್ಳಿಗೆ ಸಿಕ್ಕಿ ಪರ್ರನೆ ಹರಿಯಿತು. ಆಕೆ ಅದನ್ನು ಲೆಕ್ಕಿಸದೆ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು.

“ಎಮ್ಮಿಗೆ ಹಾಕ್ತಾಳ ನೋಡು” ಎಂದಿತು ಕಟ್ಟೆ.

ಒಂದು ನಿಮಿಷ ಕಳೆಯಿತು. ಎರಡಾಯಿತು. ಓಡಿಹೋಗಬೇಕೆನಿಸಿತು ಸಂಘಮಿತ್ರಾಳಿಗೆ. ಆದರೆ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಳು.

ಕಟ್!

ಒಳಗಿನಿಂದ ಸದ್ದು ಬಂತು. ಕಟ್ಟೆ ಕಿವಿ ನಿಮಿರಿಸಿತು.

ಕಟ್! ಕರುಮ್, ಕರುಮ್.

ಕಾಯಿಸಿದ ರೊಟ್ಟಿಯನ್ನು ಗುಟ್ಟಾಗಿ ತಿನ್ನಲು ಯಾರಿಂದಲೂ ಸಾಧ್ಯವಿಲ್ಲ. ಮುದುಕಮ್ಮನಿಗೆ ಗುಟ್ಟು ಬೇಕಾಗಿಯೂ ಇರಲಿಲ್ಲ. ಬಾಗಿಲು ತೆರೆದು, ಕೈಯಲ್ಲಿ ಅರ್ಧ ರೊಟ್ಟಿ ಹಿಡಿದು, ಎಲ್ಲರಿಗೂ ಕಾಣುವಂತೆ ಜಗಲಿಯ ಮೇಲೆ ಕುಳಿತಳು. ಅವಳ ಬೆನ್ನ ಹಿಂದೆ ಶಾಂಭವಿ. ಅವಳ ಬಾಯಿಯೂ ತುಂಬಿತ್ತು.

“ಅವ್ವಾ…” ಎಂದ ವೀರೇಶ್.

“ನಮ್ಮ ಬಾಳಿ ತೋಟದಾಗ ಆಕಿ ಮೂವತ್ತು ವರ್ಷ ದುಡದಾಳ. ಮಧ್ಯಾಹ್ನ ದೂರ ಕುಂತು ರೊಟ್ಟಿ ಮುರಿಯೋ ಸಪ್ಪಳ ದಿನಾ ಕೇಳೀನಿ. ರುಚಿ ಹೆಂಗಿರತೈತಿ ಅಂತ ಇವತ್ತ ಗೊತ್ತಾತು.” ಮುದುಕಮ್ಮ ಬೆರಳು ನೆಕ್ಕಿಕೊಂಡಳು. “ಚಟ್ನಿಗೆ ಉಪ್ಪು ಜಾಸ್ತಿ ಆಗೈತಿ. ಹೇಳಿ ಬರತೀನಿ. ಡಬ್ಬಿಗೆ ನಮ್ಮ ರೊಟ್ಟಿ ಹಾಕವ್ವಾ ಶಾಂಭವಿ.”

“ಬೈಕ್ ತೆಗೀತೀನಿ ತಡಿ. ಮೇನ್ ರೋಡಿಂದ ಹೋಗೋಣು.”

“ಎದುರಿಗೆ ಮನಿ ಕಾಣತೈತಿ. ಬೈಕ್ ಯಾಕಲೇ?”

ವೀರೇಶ್ ಮುಳ್ಳನ್ನು ನೋಡಿದ, ತಾಯಿಯ ಹರಿದ ಸೆರಗನ್ನು ನೋಡಿದ. ಪಂಚೆ ಎತ್ತಿ ಕಟ್ಟಿ, ಬಾಗಿ, ಕೆಳಗಿನ ಕೊಂಬೆಯೊಂದನ್ನು ಎಳೆದ. ಅದು ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿದ. ಬೆರಳಿನಲ್ಲಿ ರಕ್ತ ಬಂತು.

“ಹಂಗ ಬರಂಗಿಲ್ಲ ಅದು.”

ಸಂಘಮಿತ್ರಾ ತಿರುಗಿ ನೋಡಿದಳು. ಅವಳ ಅಪ್ಪ ಮಾರೇಶ್! ತೋರಣಗಲ್ಲಿನ ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟ್ ಮುಗಿಸಿ, ಹೆಲ್ಮೆಟ್ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ! ಅವನು ಹೆಲ್ಮೆಟನ್ನು ಮಗಳ ಕೈಗಿತ್ತು, ಜೇಬಿನಿಂದ ಡ್ಯೂಟಿ ಗ್ಲೌಸ್ ತೆಗೆದ.

“ಮ್ಯಾಲಿನ ಮುಳ್ಳು ನಮ್ದು,” ಎಂದ ಮಾರೇಶ್. “ಅದನ್ನ ತೆಗೀಲಾರದ ನಿಮ್ದು ಬರಂಗಿಲ್ಲ.”

ವೀರೇಶ್ ಕೊಂಬೆ ಬಿಟ್ಟು ನೆಟ್ಟಗಾದ. ಮಾರೇಶ್ ಎರಡು ಗ್ಲೌಸ್‌ಗಳಲ್ಲಿ ಒಂದನ್ನು ಅವನತ್ತ ಎಸೆದ.

ಮುಳ್ಳಿನ ನಡುವೆ ಒಬ್ಬರು ದಾಟುವಷ್ಟು ದಾರಿಯಾದದ್ದೇ ತಡ, ಸಂಘಮಿತ್ರಾ ಹೆಲ್ಮೆಟ್ ಹಿಡಿದೇ ಮನೆಗೆ ಓಡಿದಳು. ಒಲೆಯ ಮುಂದೆ ಅಜ್ಜಿ ಕೊನೆಯ ರೊಟ್ಟಿ ಬಡಿಯುತ್ತಿದ್ದಳು.

“ಗಡಗ್ಯಾಗ ಬೆಲ್ಲ ಹಂಗ ಐತಲ್ಲ. ಏನು ಒಯ್ದಿದ್ದಿ?”

“ನೀ ಬಡದ ರೊಟ್ಟಿ.”

ಬಡಿಯುವ ಕೈ ನಿಂತಿತು. ತವೆಯಿಂದ ಹೊಗೆ ಎದ್ದರೂ ಅಜ್ಜಿ ನೋಡಲಿಲ್ಲ. ಬಹಳ ಮೆಲ್ಲಗೆ ಕೇಳಿದಳು:

“ತಿಂದಳೇನು?”

ಸಂಘಮಿತ್ರಾಳಿಗೆ ಎಲ್ಲವನ್ನೂ ಹೇಳಬೇಕೆನಿಸಿತು. ಹಿಂದಕ್ಕೆ ಹೋದ ಕೈ, ಕಟ್ಟೆಯ ನಗು, ಉಪ್ಪಿನ ಮಾತು. ಅಜ್ಜಿಯ ಮುಖ ನೋಡಿದಳು. ಅದಾವುದನ್ನೂ ಹೇಳಲಿಲ್ಲ.

“ತಿಂದಳಜ್ಜಿ. ಜಗಲಿ ಮ್ಯಾಲ ಕುಂತು. ಎಲ್ಲಾರ ಮುಂದ.”

ಅಜ್ಜಿ ಒಲೆಯ ಕಡೆ ತಿರುಗಿಕೊಂಡಳು.

ಹೊರಗೆ ಕೋಲಿನ ಸದ್ದು ಹತ್ತಿರವಾಯಿತು. ಅದಕ್ಕಿಂತ ಮುಂದೆ ಓಡುವ ಹೆಜ್ಜೆಗಳು. “ಏ ಮಿತ್ರಾ!” ಶಾಂಭವಿಯ ಕೂಗು ಬಾಗಿಲ ಬಳಿಯೇ ಕೇಳಿತು.

ಸಂಘಮಿತ್ರಾ ಹಾರಿ ಹೋಗಿ ಹೊಸ್ತಿಲ ಮೇಲೆ ಎರಡೂ ಕೈ ಅಡ್ಡ ಚಾಚಿ ನಿಂತಳು.

“ಒಂದು ನಿಮಿಷ ನಿಂದ್ರೇ,” ಎಂದಳು ಪಿಸುದನಿಯಲ್ಲಿ. “ನಮ್ಮಜ್ಜಿ ಕಣ್ಣು ಒರಸ್ಕೊಳ್ಳಲಿ.”