ಚಿತ್ರದ ಅಂಚಿನ ಕೈ

ಸೋಮವಾರ ಬೆಳಗ್ಗೆ ಠಾಣೆಗೆ ಬಂದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕೂರಿ ಎಂದರೂ ಕೂರದೆ ದೂರು ಕೊಟ್ಟರು. ಮನೆಯಿಂದ ಕಂಪ್ಯೂಟರ್ ಕಳುವಾಗಿತ್ತು. ತೀರಿಕೊಂಡ ಹೆಂಡತಿಯ ವಿಡಿಯೊಗಳೆಲ್ಲ ಅದರಲ್ಲಿದ್ದವು. ಕಂಪ್ಯೂಟರಿಗೆ ತುಂಬಿಸಿಕೊಂಡ ಮೇಲೆ ಹಳೆಯ ಟೇಪುಗಳನ್ನು ತಾವೇ ಸುಟ್ಟರಂತೆ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪಂಚನಾಮೆ. ಬೀಗ ಒಡೆದಿರಲಿಲ್ಲ. ಮೇಜಿನ ಮೇಲಿದ್ದ ಕೈಗಡಿಯಾರ ಅಲ್ಲೇ ಇತ್ತು.

"ಭಾರೀ ಸಂಭಾವಿತ ಕಳ್ಳ ಸಾರ್," ಎಂದ ಹೆಡ್ ಕಾನ್‌ಸ್ಟೆಬಲ್. "ಹೋಗ್ತಾ ಬಾಗಿಲಿಗೆ ಬೀಗ ಬೇರೆ ಹಾಕಿದ್ದಾನೆ."

ನೆಂಟರಿಗೆ ಹಂಚಲೆಂದು ಮೇಷ್ಟ್ರು ಮಾಡಿದ್ದ ಡಿವಿಡಿಯನ್ನು ಇನ್‌ಸ್ಪೆಕ್ಟರ್ ಟಿವಿಯಲ್ಲಿ ಹಾಕಿಸಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಆ ತಾಯಿ ನಗುತ್ತ ಬಾಯಿ ತೆರೆದಳು. ಅಂಚಿನಿಂದ ಚಮಚ ಹಿಡಿದ ಕೈಯೊಂದು ಬಂತು, ಹೋಯಿತು. ಕೈಯ ಹಿಂದಿನ ಮುಖ ಮಾತ್ರ ಕೊನೆಯವರೆಗೂ ಬರಲಿಲ್ಲ.

ಮೇಷ್ಟ್ರಿಗೆ ವಿಡಿಯೊ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್ ಮಾರಿದ ಅಂಗಡಿಯವನನ್ನು ಕೇಳಿದರು.

"ಪುಕ್ಕಟೆ ಸಿಗೋದನ್ನೇ ತೋರಿಸ್ದೆ ಸಾರ್. ತುಂಡು ಮಾಡೋಕೆ, ಜೋಡಿಸೋಕೆ, ಡಿವಿಡಿ ಬರೆಯೋಕೆ ಅದೇ ಧಾರಾಳ. ಅವರು ಬೇಡ ಅಂದ್ರು."

"ಯಾಕೆ?"

"ಅದರಲ್ಲಿ ಚಿತ್ರದ ಅಂಚು ಕತ್ತರಿಸೋಕೆ ಆಗಲ್ಲ. ಇವರಿಗೆ ಪಕ್ಕದಲ್ಲಿರೋ ಒಬ್ಬರನ್ನ ಮಾತ್ರ ಆಚೆ ಹಾಕ್ಬೇಕಿತ್ತು. ಅದಕ್ಕೇ ದುಬಾರೀದು ತಗೊಂಡ್ರು."

ಇನ್‌ಸ್ಪೆಕ್ಟರ್ ಮತ್ತೆ ಮನೆಗೆ ಬಂದರು.

"ಮೇಷ್ಟ್ರೇ, ಆ ಕೈ ಯಾರದು?"

"ಯಾರದ್ದೂ ಅಲ್ಲ."

"ಮನೆಯ ಇನ್ನೊಂದು ಕೀಲಿ?"

ಮೇಷ್ಟ್ರು ಗೋಡೆಯತ್ತ ತಿರುಗಿದರು. "ಮಗಳು ಅಂತ ಒಬ್ಬಳಿದ್ದಳು. ಬೇಡ ಅಂದವನನ್ನೇ ಕಟ್ಕೊಂಡು ಹೋದಳು."

ಸಂಜೆ ಮಗಳ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಸಿಕ್ಕಿತು. ಮಂಚದ ಮೇಲೆ, ಕಾಯಿಲೆಯವರಿಗೆ ಹೊದಿಸಿದಂತೆ, ಅದರ ಮೇಲೊಂದು ಹೊದಿಕೆ.

"ತಂದಿದ್ದು ನಾನೇ ಸಾರ್. ಸೋದರತ್ತೆ ಮನೇಲಿ ಡಿವಿಡಿ ನೋಡ್ದೆ. ಅಮ್ಮನ ಪಕ್ಕ ನಾನೆಲ್ಲೂ ಇಲ್ಲ. ಕತ್ತರಿಸದೆ ಇರೋದು ಈ ಕಂಪ್ಯೂಟರ್‌ನಲ್ಲಿ ಮಾತ್ರ."

"ಅಪ್ಪನ್ನ ಕೇಳಬಹುದಿತ್ತಲ್ಲಮ್ಮ?"

"ಕೇಳ್ದೆ. 'ನೀನು ಅದರಲ್ಲಿ ಇರಲೇ ಇಲ್ಲ' ಅಂದ್ರು. ಆಸ್ಪತ್ರೇಲಿ ಕೊನೇ ತನಕ ಅಮ್ಮಂಗೆ ಉಣ್ಣಿಸಿದ್ದು ನಾನು."

"ನಕಲು ಮಾಡ್ಕೊಂಡ್ಯಾ?"

"ಪಾಸ್‌ವರ್ಡ್ ಗೊತ್ತಿಲ್ಲ ಸಾರ್. ಒಂದ್ಸಲನೂ ತೆರೆಯೋಕಾಗಿಲ್ಲ."

ಇನ್‌ಸ್ಪೆಕ್ಟರ್ ಹೊರಗೆ ಬಂದು ಮೇಷ್ಟ್ರಿಗೆ ಫೋನ್ ಮಾಡಿದರು. ರಾಜಿಯಾಗಿ ಎಂದು ಕೇಳಿಕೊಂಡರು.

"ನಿಮ್ಮ ಕೆಲಸ ನೀವು ಮಾಡಿ," ಎಂದಿತು ಆ ಕಡೆಯ ದನಿ.

ಜಪ್ತಿಯಾಯಿತು. ಬಂಧನವೂ ಆಯಿತು. ಜೀಪಿನಲ್ಲಿ ಅವಳು ಕೇಳಿದ್ದು ಒಂದೇ ಮಾತು. "ಕೋರ್ಟು ಮುಗಿದ ಮೇಲೆ ಕಂಪ್ಯೂಟರ್ ಯಾರಿಗೆ ಕೊಡ್ತಾರೆ?"

"ಅಪ್ಪಂದೇ ಅಲ್ವೇನಮ್ಮ."

ಭಗವಂತ ಎಲ್ಲವನ್ನೂ ನೋಡುತ್ತಾನೆಂದು ನಂಬಿ ಬದುಕಿದವರು ಇನ್‌ಸ್ಪೆಕ್ಟರ್. ಅವನು ನೋಡಿದ್ದನ್ನು ಸಾಕ್ಷಿಯಾಗಿ ಬರೆದುಕೊಳ್ಳಲು ಬರುವುದಿಲ್ಲ. ಕೇಸ್ ಡೈರಿಯಲ್ಲಿ ಕಳವಿನ ಉದ್ದೇಶವೆಂದು ಅವರು ಬರೆದದ್ದು ಇಷ್ಟೇ: ತಾಯಿಯ ಪಕ್ಕದಲ್ಲಿ ತಾನೂ ಇದ್ದುದನ್ನು ಉಳಿಸಿಕೊಳ್ಳಲು.