ರೇಸ್‌ಕೋರ್ಸಿನ ಮೂವತ್ತೆಂಟು ಕಲ್ಲು

೨೦೨೫ರ ಫೆಬ್ರವರಿ ೧೧, ಮಂಗಳವಾರ. ಬೆಳಿಗ್ಗೆ ೮.೪೦ಕ್ಕೆ ಪ್ರಸನ್ನ ಕುಮಾರ್ ಎಂಬ ಕಂಪನಿ ಮ್ಯಾನೇಜರು ಕೊರಟಗೆರೆ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಹೊಳವನಹಳ್ಳಿ ಬಳಿಯ ಕಲ್ಲುದಿಣ್ಣೆಯಲ್ಲಿ ಅವರ ಕಂಪನಿ ಕುದುರೆ ರೇಸ್‌ಕೋರ್ಸು, ಜೊತೆಗೊಂದು ಇಸ್ಪೀಟು ಕ್ಲಬ್ಬು ಕಟ್ಟಲು ಹೊರಟಿತ್ತು. ಜಾಗದ ಸುತ್ತ ನೆಟ್ಟಿದ್ದ ಮೂವತ್ತೆಂಟು ಗಡಿಕಲ್ಲುಗಳನ್ನು ಯಾರೋ ಸೋಮವಾರ ರಾತ್ರಿ ಕಿತ್ತುಹಾಕಿದ್ದರು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಅನುಪಮಾ ಕೇಳಿದರು.

"ಯಶಸ್ವಿನಿ. ಹೋರಾಟ ಸಮಿತಿ ಅಧ್ಯಕ್ಷೆ."

"ಅವರು ಸೋಮವಾರ ಬೆಳಿಗ್ಗೆಯಿಂದ ಮಧುಗಿರೀಲಿ ಅಹೋರಾತ್ರಿ ಧರಣಿ ಕೂತಿದ್ದರು. ಬಂದೋಬಸ್ತಿಗೆ ನಮ್ಮವರೇ ಹೋಗಿದ್ದರು."

"ತಾನು ಅಲ್ಲಿ ಕೂತು, ಇಲ್ಲಿ ಜನ ಬಿಟ್ಟು ಕೀಳಿಸಿದ್ದಾಳೆ ಮೇಡಂ."

ಎಫ್‌ಐಆರ್ ದಾಖಲಾಯಿತು. ಶುಕ್ರವಾರ ಜಿಲ್ಲಾಧಿಕಾರಿಗಳ ಮುಂದೆ ಅಹವಾಲು ಸಭೆ. ಊರಿನ ಪರವಾಗಿ ಕಾಗದಪತ್ರ ಹಿಡಿದು ಮಾತಾಡಬಲ್ಲವಳು ಯಶಸ್ವಿನಿ ಒಬ್ಬಳೇ. ಅಷ್ಟರೊಳಗೆ ಅವಳನ್ನು ಒಳಗೆ ಹಾಕಿದರೆ ಊರಿನ ಬಾಯಿಗೆ ಬೀಗ ಬಿದ್ದಂತೆ. ಅದು ಮ್ಯಾನೇಜರಿಗೂ ಗೊತ್ತಿತ್ತು, ಮಧ್ಯಾಹ್ನದೊಳಗೆ ಮೂರು ಸಲ ಫೋನ್ ಮಾಡಿ "ಅರೆಸ್ಟ್ ಯಾವಾಗ?" ಎಂದು ವಿಚಾರಿಸಿದ ದೊಡ್ಡವರಿಗೂ ಗೊತ್ತಿತ್ತು.

೧೧.೧೫ಕ್ಕೆ ಸ್ಥಳ ಪಂಚನಾಮೆ. ಬರೆದವರು ಹೆಡ್ ಕಾನ್‌ಸ್ಟೇಬಲ್ ನಸ್ರುಲ್ಲಾ. ಶಿರಾದವರು, ಇಪ್ಪತ್ತಾರು ವರ್ಷದ ಸರ್ವಿಸು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಮಾತನ್ನು ಹೊಸ ಹುಡುಗರಿಗೆ ಹೇಳಿ ಹೇಳಿ ಬೇಸರ ಹಿಡಿಸಿದವರು. ಕೆಂಪು ಮಣ್ಣಿನಲ್ಲಿ ಸರಪಳಿ ಎಳೆದ ಗೆರೆ, ಅದರ ಎರಡೂ ಬದಿ ಎತ್ತಿನ ಗೊರಸಿನ ಗುರುತು. ಗೆರೆ ಹಿಡಿದು ಹೋದರೆ ಹಳೇ ಕ್ವಾರಿ ಗುಂಡಿ, ಅದರೊಳಗೆ ಮೂವತ್ತೆಂಟೂ ಕಲ್ಲು.

ಕಾವಲುಗಾರ ಸಣ್ಣರಂಗಯ್ಯನ ಹೇಳಿಕೆ ಪಡೆದರು. ಅರವತ್ತು ದಾಟಿದ ಮುದುಕ. ಕಂಪನಿಯೇ ಇಟ್ಟುಕೊಂಡಿದ್ದ ಆಳು.

"ಕಲ್ಲು ಕಡೇ ಸಲ ಯಾವಾಗ ನೋಡಿದ್ದು?"

"ಸೋಮಾರ ಹೊತ್ತು ಮುಳುಗೋವಾಗ ಎಲ್ಲಾ ಇದ್ವು ಸಾ. ಬೆಳಗ್ಗೆ ಎದ್ದು ನೋಡಿದ್ರೆ ಒಂದೂ ಇಲ್ಲ."

"ಖಂಡಿತ ಸೋಮವಾರಾನಾ?"

"ದೇವ್ರಾಣೆಗೂ ಸಾ."

ಜೀಪಿನ ಹತ್ತಿರ ಬಂದ ನಸ್ರುಲ್ಲಾಗೆ ಏನೋ ಕಸಿವಿಸಿ. ಅವರ ಅಬ್ಬಾ ಶಿರಾದಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದರು. ವಾರದಲ್ಲಿ ಆರು ದಿನ ಹಳ್ಳಿ ಗಾಡಿಗಳ ಸಾಲು. ಸೋಮವಾರ ಮಾತ್ರ ಒಂದು ಗಾಡಿಯೂ ಬರುತ್ತಿರಲಿಲ್ಲ. ಅಬ್ಬಾ ತಕ್ಕಡಿ ಮುಂದೆ ಕೂತು ನೊಣ ಹೊಡೆಯುತ್ತಿದ್ದರು. ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ನರಸಿಂಹಮ್ಮ ಎಂಬಾಕೆಯನ್ನು ನಸ್ರುಲ್ಲಾ ನಿಲ್ಲಿಸಿದರು.

"ಏನಮ್ಮಾ, ಈ ಕಡೆ ಸೋಮವಾರ ಎತ್ತು ಹೂಡ್ತಾರಾ?"

"ಅಯ್ಯೋ ಬುಡಪ್ಪಾ! ಬಸವಣ್ಣನ ವಾರ. ಹೊಲ ಹೊತ್ತಿ ಉರಿದ್ರೂ ಸೋಮಾರ ಅದರ ಹೆಗಲ ಮ್ಯಾಲೆ ನೊಗ ಇಡಾಕಿಲ್ಲ."

ಹಾಗಾದರೆ ಎತ್ತು ಕಟ್ಟಿ ಕಲ್ಲು ಕಿತ್ತದ್ದು ಸೋಮವಾರವಲ್ಲ. ಭಾನುವಾರ ರಾತ್ರಿ; ಅದಕ್ಕೂ ಮೊದಲಾಗಿದ್ದರೆ ಊರವರ ಕಣ್ಣಿಗೆ ಬೀಳುತ್ತಿತ್ತು. ಸೋಮವಾರ ಊರಿಗೆ ಊರೇ ಮಧುಗಿರಿಗೆ ಹೋಗಿದ್ದರಿಂದ ಕಲ್ಲು ಇಲ್ಲದ್ದನ್ನು ಯಾರೂ ಕಂಡಿಲ್ಲ. ಕಂಡಿದ್ದವನು ಒಬ್ಬನೇ, ಅವನು ಸುಳ್ಳು ಹೇಳಿದ್ದ.

ಸಂಜೆ ೪.೨೦ಕ್ಕೆ ಸಣ್ಣರಂಗಯ್ಯನ ಕೊಟ್ಟಿಗೆ ಶೋಧನೆ. ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ನಸ್ರುಲ್ಲಾ ಎತ್ತಿನ ಹೆಗಲು ಮುಟ್ಟಿ ನೋಡಿದರು. ಎರಡಕ್ಕೂ ಚರ್ಮ ತರಚಿ, ಮೇಲೆ ಅರಿಶಿನ ಹಚ್ಚಿತ್ತು. ಗೋಡೆಯ ಗೂಟದಲ್ಲಿ ಸರಪಳಿ. ಅದರ ಕೊಂಡಿಗಳಲ್ಲಿ ಬಿಳಿ ಕಲ್ಲುಪುಡಿ.

"ಕೀಳೋಕೆ ಯಶಸ್ವಿನಿ ಹೇಳಿದ್ರಾ?" ಜೊತೆಗೆ ಬಂದಿದ್ದ ಅನುಪಮಾ ಮುದುಕನನ್ನು ಕೇಳಿದರು.

"ಇಲ್ಲ ಕಣಮ್ಮಾ. ಆ ಮಗೀಗೆ ಏನೂ ಗೊತ್ತಿಲ್ಲ. ಭಾನ್ವಾರ ಎಲ್ಲಾರೂ ಊರಾಗೇ ಇದ್ರು, ಅವರ ತಲೇಗೆ ಬತ್ತದೆ ಅಂತ ಸೋಮಾರ ಅಂದ್ಬುಟ್ಟೆ."

೫.೧೦ಕ್ಕೆ ಬಂಧನ. ಠಾಣೆಯಲ್ಲಿ ಬಂಧನದ ನಮೂನೆ ತುಂಬುವಾಗ ನಸ್ರುಲ್ಲಾ ಕೇಳಿದರು:

"ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ. ಮಗ ನವೀನ, ಬಾವೀಗೆ ಬಿದ್ದ."

ನಸ್ರುಲ್ಲಾ ಎದ್ದುಹೋಗಿ ೨೦೧೭ರ ಅಸ್ವಾಭಾವಿಕ ಮರಣದ ಕಡತ ತೆಗೆದರು. ನವೀನ್‌ಕುಮಾರ್, ೨೨ ವರ್ಷ. ಶವ ಮೇಲೆತ್ತಿದ ಪಂಚನಾಮೆ ಅವರದೇ ಅಕ್ಷರದಲ್ಲಿತ್ತು. ಪಾವಗಡದಾಚೆ ಆಂಧ್ರ ಗಡಿಯ ಅಂದರ್ ಬಾಹರ್ ಅಡ್ಡೆಯಲ್ಲಿ ಅಪ್ಪನ ಜೋಡೆತ್ತನ್ನು ಪಣಕ್ಕಿಟ್ಟು ಸೋತವನು, ಮನೆಗೆ ಬರಲು ಮುಖವಿಲ್ಲದೆ ಊರ ಬಾವಿಯಲ್ಲಿ ಬಿದ್ದಿದ್ದ. ಅವತ್ತು ಹೆಣದ ಪಕ್ಕ ಕೂತಿದ್ದ ಗಡ್ಡದ ಮನುಷ್ಯನೇ ಈ ಮುದುಕ ಎಂದು ಈಗ ಗುರುತು ಹತ್ತಿತು. ಛೆ, ಬೆಳಗ್ಗೆಯೇ ತಿಳಿಯಬೇಕಿತ್ತು ಎಂದು ಅವರಿಗೆ ತುಂಬ ಸಂಕಟವಾಯಿತು.

"ಆ ಎತ್ತು ಹೋದ್ಮೇಲೆ ಕರ ತಂದು ಸಾಕಿದೆ ಸಾ," ಸಣ್ಣರಂಗಯ್ಯ ಹೇಳಿದ. "ಈಗ ಜೂಜು ಅನ್ನೋದು ನಮ್ಮೂರ ಬಾಗಲಿಗೇ ಬತ್ತೀನಿ ಅಂತದೆ. ಕಾಯಾಕೆ ನನ್ನೇ ಇಟ್ಟವ್ರೆ. ತಡಕೊಳಾಕಾಗ್ಲಿಲ್ಲ."

"ಅಲ್ಲಯ್ಯಾ, ಸೋಮವಾರವೇ ಕಿತ್ತಿದ್ದರೆ ನೀನು ಸಿಕ್ಕೇ ಬೀಳ್ತಿರಲಿಲ್ಲ. ಊರಲ್ಲಿ ನರಪಿಳ್ಳೆ ಇರಲಿಲ್ಲ. ಒಂದು ದಿನ ತಡೀಬಾರದಿತ್ತಾ?"

ಮುದುಕ ನಸ್ರುಲ್ಲಾರ ಮುಖವನ್ನೇ ನೋಡಿದ.

"ನನ್ ಮಗ ಎತ್ತುನ್ನ ಪಣಕ್ಕಿಟ್ಟ. ನನ್ನ ಕೆಲ್ಸ ಆಗ್ಲಿ ಅಂತ ನಾನು ಸೋಮಾರ ಅದರ ಮ್ಯಾಲೆ ನೊಗ ಇಟ್ರೆ, ಅವನಿಗೂ ನನಗೂ ಏನ್ ಯತ್ಯಾಸ ಸಾ?"

ನಸ್ರುಲ್ಲಾ ಅದನ್ನು ಹೇಳಿಕೆಯಲ್ಲಿ ಹಾಗೇ ಬರೆದರು. ಅನುಪಮಾ ಓದಿ, ಈ ಮಾತು ಕೇಸಿಗೆ ಬೇಕಾ ಎಂದು ಕೇಳಿದರು.

"ಇರಲಿ ಮೇಡಂ," ಎಂದರು ನಸ್ರುಲ್ಲಾ.

ಬುಧವಾರ ಬೆಳಿಗ್ಗೆ ಯಶಸ್ವಿನಿ ಬಂದು ಜಾಮೀನಿಗೆ ಸಹಿ ಹಾಕಿದಳು. ಶುಕ್ರವಾರದ ಸಭೆಗೆ ಮುದುಕನನ್ನೂ ಕರೆದುಕೊಂಡು ಹೋದಳು.